ಹೆಪಟೈಟಿಸ್ ಸಿ ಮಾತ್ರೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹೆಪಟೈಟಿಸ್ ಸಿ (ಲಿವರ್‌ಗೆ ತಗುಲುವ ಒಂದು ವೈರಸ್ ಸೋಂಕು) ಇದೆ ಎಂದು ಗೊತ್ತಾದವರು, ಅವರ ಮನೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಹೆಚ್ಚುಕಡಿಮೆ ಅವರ ಮಾತಿನಲ್ಲೇ ಇವೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಈ ಕಾಯಿಲೆಯಲ್ಲಿ ಮಾತ್ರೆ ನುಂಗುವುದೇ ಸುಲಭದ ಕೆಲಸ. ಎಡವಟ್ಟಾಗುವುದು ಜಾಸ್ತಿ ಶುರು ಮಾಡುವ ಮುಂಚೆ, ಇಲ್ಲವೇ ಎಲ್ಲ ಮುಗಿಯಿತು ಅಂದುಕೊಂಡ ಮೇಲೆ. ನಿಮ್ಮ ರಿಪೋರ್ಟು ನೋಡಿದ ಡಾಕ್ಟರು ಇಲ್ಲಿರುವುದಕ್ಕಿಂತ ಬೇರೆ ಹೇಳಿದರೆ ಅವರ ಮಾತೇ ನಡೆಯಲಿ.

## ಮೊದಲ ಪ್ರಶ್ನೆಗಳು

ರಕ್ತ ಪರೀಕ್ಷೆಯಲ್ಲಿ "ಎಚ್‌ಸಿವಿ ಪಾಸಿಟಿವ್" ಅಂತ ಬಂತು. ಇವತ್ತೇ ಮಾತ್ರೆ ಶುರು ಮಾಡಿಬಿಡಲಾ?

ಬೇಡ, ಇನ್ನೊಂದು ಪರೀಕ್ಷೆ ಬಾಕಿ ಇದೆ. ಎಚ್‌ಸಿವಿ ಅಂದರೆ ಹೆಪಟೈಟಿಸ್ ಸಿ ವೈರಸ್. ಮೊದಲು ಮಾಡುವುದು ಆ್ಯಂಟಿಬಾಡಿ ಪರೀಕ್ಷೆ. ಈ ವೈರಸ್ ಯಾವತ್ತಾದರೂ ನಿಮ್ಮ ಮೈಗೆ ಬಂದಿತ್ತಾ ಎಂದಷ್ಟೇ ಅದು ಹೇಳುತ್ತದೆ. ಈಗ ಇದೆಯಾ ಎಂದು ಹೇಳುವುದು ಎಚ್‌ಸಿವಿ ಆರ್‌ಎನ್‌ಎ ಪರೀಕ್ಷೆ. ಸೋಂಕು ತಗುಲಿದವರಲ್ಲಿ ಸುಮಾರು 30 ಪ್ರತಿಶತ ಜನರಲ್ಲಿ ಮೊದಲ ಆರು ತಿಂಗಳೊಳಗೆ ವೈರಸ್ ತಾನಾಗೇ ಹೋಗಿಬಿಡುತ್ತದೆ. ಅವರಿಗೆ ಆ್ಯಂಟಿಬಾಡಿ ಪಾಸಿಟಿವ್ ಇರುತ್ತದೆ, ಆದರೆ ಮಾತ್ರೆ ಬೇಕಿಲ್ಲ. ಆರ್‌ಎನ್‌ಎ ಕೂಡ ಪಾಸಿಟಿವ್ ಬಂದರೆ ಮಾತ್ರ ಮುಂದಿನ ಮಾತು.

ನನಗೇನೂ ತೊಂದರೆಯೇ ಇಲ್ಲ, ಗಟ್ಟಿಮುಟ್ಟಾಗಿದ್ದೇನೆ. ಆದರೂ ಮಾತ್ರೆ ತಗೋಬೇಕಾ?

ಹೌದು. ಲಿವರ್ ನೋವು ಹೇಳಿಕೊಳ್ಳುವ ಅಂಗವಲ್ಲ. ಕಾಮಾಲೆ, ಹೊಟ್ಟೆಯಲ್ಲಿ ನೀರು, ರಕ್ತವಾಂತಿ ಇವೆಲ್ಲ ಕಾಣಿಸುವ ಹೊತ್ತಿಗೆ ಬಹಳ ಹಾನಿ ಆಗಿಹೋಗಿರುತ್ತದೆ. ದೀರ್ಘಕಾಲದ ಸೋಂಕು ಇರುವವರಲ್ಲಿ 15ರಿಂದ 30 ಪ್ರತಿಶತ ಜನರಿಗೆ ಇಪ್ಪತ್ತು ವರ್ಷದೊಳಗೆ ಸಿರೋಸಿಸ್ (ಲಿವರ್ ಗಾಯಗಟ್ಟಿ ಗಡಸಾಗುವುದು) ಆಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಿರೋಸಿಸ್ ಆಗುವ ಮುಂಚೆ ವಾಸಿ ಮಾಡಿಕೊಂಡವರಿಗೂ ಆದ ಮೇಲೆ ಮಾಡಿಕೊಂಡವರಿಗೂ ಮುಂದಿನ ಬದುಕಿನಲ್ಲಿ ದೊಡ್ಡ ವ್ಯತ್ಯಾಸ ಇದೆ. ಅದು ಏನು ಎಂದು ಕೆಳಗೆ ಹೇಳಿದ್ದೇನೆ.

ಇದು ಪೂರ್ತಿ ವಾಸಿಯಾಗುತ್ತಾ? ಇಲ್ಲ ಬಿಪಿ, ಶುಗರ್ ಥರ ಜೀವನಪೂರ್ತಿ ನುಂಗಬೇಕಾ?

ವಾಸಿಯಾಗುತ್ತದೆ. ಹತ್ತಿಕ್ಕಿ ಇಡುವುದಲ್ಲ, ನಿಜವಾಗಿ ವಾಸಿ. ಹೆಪಟೈಟಿಸ್ ಬಿ ವೈರಸ್ ಲಿವರ್ ಕೋಶದ ನ್ಯೂಕ್ಲಿಯಸ್ ಒಳಗೆ ಹೋಗಿ ಕೂತುಬಿಡುತ್ತದೆ. ಅದಕ್ಕೇ ಬಿ ಇರುವವರು ಸಾಮಾನ್ಯವಾಗಿ ವರ್ಷಗಟ್ಟಲೆ ಮಾತ್ರೆ ತಗೊಳ್ಳುತ್ತಾರೆ. ಸಿ ವೈರಸ್‌ಗೆ ಹಾಗೆ ಅಡಗುವ ಜಾಗ ಇಲ್ಲ. ತನ್ನ ಪ್ರತಿಗಳನ್ನು ಮಾಡಿಕೊಳ್ಳುತ್ತಲೇ ಇದ್ದರೆ ಮಾತ್ರ ಅದು ಉಳಿಯುತ್ತದೆ. ಈ ಮಾತ್ರೆಗಳು ತಡೆಯುವುದು ಅದನ್ನೇ. ಕೋರ್ಸ್ ಸರಿಯಾಗಿ ಮುಗಿಸಿದವರಲ್ಲಿ 95 ಪ್ರತಿಶತಕ್ಕಿಂತ ಜಾಸ್ತಿ ಜನ ವಾಸಿಯಾಗುತ್ತಾರೆ.

ಪರಿಚಯದವರೊಬ್ಬರು ಇಂಜೆಕ್ಷನ್ ತಗೊಂಡು ಹಾಸಿಗೆ ಹಿಡಿದಿದ್ದರು. ನನಗೂ ಹಾಗೇ ಆಗುತ್ತಾ?

ಅವರು ತಗೊಂಡಿದ್ದು ಬಹುಶಃ ಇಂಟರ್‌ಫೆರಾನ್. ಆಗ 24 ಅಥವಾ 48 ವಾರ ಇಂಜೆಕ್ಷನ್, ಜೊತೆಗೆ ರೈಬಾವಿರಿನ್ ಮಾತ್ರೆ. ಜ್ವರ, ಮೈಕೈ ನೋವು, ಖಿನ್ನತೆ, ರಕ್ತ ಕಮ್ಮಿಯಾಗುವುದು ಎಲ್ಲ ಮಾಮೂಲಿ. ಅಷ್ಟೆಲ್ಲ ಅನುಭವಿಸಿಯೂ ವಾಸಿಯಾಗುತ್ತಿದ್ದವರು ಹೆಚ್ಚುಕಡಿಮೆ ಅರ್ಧದಷ್ಟು ಜನ. 2013ರ ಡಿಸೆಂಬರ್‌ನಲ್ಲಿ ಸೊಫೊಸ್‌ಬುವಿರ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅಲ್ಲಿಂದಾಚೆ ಕಥೆಯೇ ಬೇರೆ. ಈ ವೈರಸ್ ಪತ್ತೆಯಾದದ್ದೇ 1989ರಲ್ಲಿ. 25 ವರ್ಷದೊಳಗೆ ವಾಸಿ ಮಾಡುವ ಮಾತ್ರೆಯೂ ಬಂತು ಅನ್ನುವುದು ವೈದ್ಯಕೀಯದಲ್ಲಿ ಅಪರೂಪ. ವೈರಸ್ ಪತ್ತೆಯ ಕೆಲಸಕ್ಕೆ 2020ರಲ್ಲಿ ಹಾರ್ವಿ ಆಲ್ಟರ್, ಮೈಕೆಲ್ ಹೌಟನ್, ಚಾರ್ಲ್ಸ್ ರೈಸ್ ಅವರಿಗೆ ನೊಬೆಲ್ ಬಂದಿತು.

ಯಾವ ಮಾತ್ರೆ, ದಿನಕ್ಕೆ ಎಷ್ಟು, ಎಷ್ಟು ದಿನ?

ಈಗ ಹೆಚ್ಚಾಗಿ ಬರೆಯುವುದು ಮೂರು ಜೋಡಿಗಳಲ್ಲಿ ಒಂದು.

ಸೊಫೊಸ್‌ಬುವಿರ್ 400 ಮಿಲಿಗ್ರಾಂ ಮತ್ತು ವೆಲ್ಪಟಾಸ್ವಿರ್ 100 ಮಿಲಿಗ್ರಾಂ ಎರಡೂ ಒಂದೇ ಮಾತ್ರೆಯಲ್ಲಿ ಇರುತ್ತವೆ. ದಿನಕ್ಕೊಂದು, 12 ವಾರ, ಅಂದರೆ 84 ಮಾತ್ರೆ. ಊಟದ ಮುಂಚೆಯೋ ಆಮೇಲೋ, ಯಾವಾಗಾದರೂ ಸರಿ. ಸೊಫೊಸ್‌ಬುವಿರ್ ಜೊತೆ ಡಕ್ಲಾಟಾಸ್ವಿರ್ 60 ಮಿಲಿಗ್ರಾಂ ಕೊಡುವುದು ಇನ್ನೊಂದು ಜೋಡಿ. ಇದೂ ಸಾಮಾನ್ಯವಾಗಿ 12 ವಾರ, ಸಿರೋಸಿಸ್ ಇದ್ದರೆ 24 ವಾರದವರೆಗೂ ಹೋಗಬಹುದು. ಮೂರನೆಯದು ಗ್ಲೆಕಾಪ್ರೆವಿರ್ ಮತ್ತು ಪಿಬ್ರೆಂಟಾಸ್ವಿರ್. ಇದರಲ್ಲಿ ದಿನಕ್ಕೆ ಮೂರು ಮಾತ್ರೆ. ಮೂರನ್ನೂ ಒಟ್ಟಿಗೆ, ಊಟದ ಜೊತೆಗೇ ತಗೋಬೇಕು. ಮೊದಲ ಸಲ ಚಿಕಿತ್ಸೆ ಪಡೆಯುವವರಿಗೆ ಹೆಚ್ಚಾಗಿ 8 ವಾರ ಸಾಕು. ಮೂರು ಮಾತ್ರೆಯನ್ನು ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಹಂಚಿಕೊಂಡು ನುಂಗುವವರಿದ್ದಾರೆ. ಹಾಗೆ ಮಾಡಬೇಡಿ.

ಈ ಮೂರೂ ಜೋಡಿಗಳು ವೈರಸ್‌ನ ಎಲ್ಲ ಮುಖ್ಯ ಜೀನೋಟೈಪ್‌ಗಳ (ಒಳಬಗೆಗಳ) ಮೇಲೂ ಕೆಲಸ ಮಾಡುತ್ತವೆ. ಹಾಗಾಗಿ ಜೀನೋಟೈಪ್ ಪರೀಕ್ಷೆ ಈಗ ಎಲ್ಲರಿಗೂ ಬೇಕಾಗುವುದಿಲ್ಲ.

ರಿಪೋರ್ಟಿನಲ್ಲಿ ವೈರಲ್ ಲೋಡ್ 30 ಲಕ್ಷ ಅಂತಿದೆ. ಲಿವರ್ ಪೂರ್ತಿ ಹಾಳಾಗಿದೆಯಾ?

ಆ ಸಂಖ್ಯೆ ನೋಡಿ ರಾತ್ರಿ ನಿದ್ದೆಗೆಡುವವರು ಬಹಳ. ಹೆಪಟೈಟಿಸ್ ಸಿ ವಿಷಯದಲ್ಲಿ ವೈರಲ್ ಲೋಡ್‌ಗೂ (ರಕ್ತದಲ್ಲಿರುವ ವೈರಸ್ ಪ್ರಮಾಣಕ್ಕೂ) ಲಿವರ್ ಹಾನಿಗೂ ನೇರ ನಂಟಿಲ್ಲ. ಲಕ್ಷಗಟ್ಟಲೆ ಇರುವುದು ಮಾಮೂಲಿ. ಐವತ್ತು ಸಾವಿರ ಇದ್ದವರಿಗೆ ಸಿರೋಸಿಸ್ ಆಗಿರಬಹುದು, ಐವತ್ತು ಲಕ್ಷ ಇದ್ದವರ ಲಿವರ್ ಚೆನ್ನಾಗೇ ಇರಬಹುದು. ಹಾನಿ ಅಳೆಯುವುದು ಬೇರೆ ಪರೀಕ್ಷೆಗಳಿಂದ.

## ಶುರು ಮಾಡುವ ಮುಂಚೆ

ಒಂದು ಮಾತ್ರೆ ಕೊಡೋಕೆ ಇಷ್ಟೊಂದು ಟೆಸ್ಟ್ ಯಾಕೆ?

ಮುಖ್ಯವಾಗಿ ತಿಳಿಯಬೇಕಿರುವುದು ಸಿರೋಸಿಸ್ ಆಗಿದೆಯಾ, ಆಗಿದ್ದರೆ ಲಿವರ್ ಇನ್ನೂ ಕೆಲಸ ನಿಭಾಯಿಸುತ್ತಿದೆಯಾ, ಇಲ್ಲ ಕೈಚೆಲ್ಲಿದೆಯಾ ಎಂದು. ಮಾತ್ರೆಯ ಆಯ್ಕೆ, ಅವಧಿ ಎರಡೂ ಇದರ ಮೇಲೆ ನಿಂತಿವೆ. ಇದಕ್ಕೆ ದೊಡ್ಡ ಯಂತ್ರವೇ ಬೇಕೆಂದಿಲ್ಲ. ವಯಸ್ಸು, ರಕ್ತದಲ್ಲಿ ನೋಡುವ ಲಿವರ್ ಕಿಣ್ವಗಳಾದ ಎಎಸ್‌ಟಿ, ಎಎಲ್‌ಟಿ, ಜೊತೆಗೆ ಪ್ಲೇಟ್‌ಲೆಟ್ ಈ ನಾಲ್ಕರಿಂದ ಫಿಬ್-4 ಎಂಬ ಲೆಕ್ಕ ಹಾಕುತ್ತಾರೆ. ಲಿವರ್ ಎಷ್ಟು ಗಡಸಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಸಿಕ್ಕರೆ ಒಳ್ಳೆಯದು. ಇದರ ಜೊತೆಗೆ ಕಿಡ್ನಿಯ ಕ್ರಿಯಾಟಿನಿನ್, ಹೆಪಟೈಟಿಸ್ ಬಿ, ಎಚ್‌ಐವಿ. ಹೆಣ್ಣುಮಕ್ಕಳಿಗೆ ಬೇಕಿದ್ದರೆ ಗರ್ಭ ಪರೀಕ್ಷೆ.

ನನಗಿರುವುದು ಸಿ. ಬಿ ಟೆಸ್ಟ್ ಯಾಕೆ ಮಾಡಿಸ್ತಾರೆ?

ಇದೊಂದನ್ನು ದಯವಿಟ್ಟು ಬಿಡಬೇಡಿ. ಎರಡೂ ವೈರಸ್ ಒಟ್ಟಿಗಿದ್ದರೆ ಸಾಮಾನ್ಯವಾಗಿ ಸಿ ಜೋರು ಮಾಡಿ ಬಿಯನ್ನು ಮೂಲೆಗೆ ತಳ್ಳಿರುತ್ತದೆ. ಮಾತ್ರೆಯಿಂದ ಸಿ ಹೋದ ತಕ್ಷಣ ಬಿ ತಲೆ ಎತ್ತಬಹುದು. ಕೆಲವರಲ್ಲಿ ಅದು ಲಿವರ್ ಫೇಲ್ ಆಗುವವರೆಗೆ, ಸಾವಿನವರೆಗೆ ಹೋಗಿದೆ. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಗುಂಪಿನ ಎಲ್ಲ ಮಾತ್ರೆಗಳ ಮೇಲೂ ಈ ಎಚ್ಚರಿಕೆಯನ್ನು ಚೌಕಟ್ಟು ಹಾಕಿ ಛಾಪಿಸಲು ಹೇಳಿತು.

ಎಚ್‌ಬಿಎಸ್‌ಎಜಿ (ಬಿ ಈಗ ಮೈಯಲ್ಲಿದೆಯಾ ಎಂದು ಹೇಳುವ ಪರೀಕ್ಷೆ) ಪಾಸಿಟಿವ್ ಇದ್ದರೆ ಹೆದರಿ ಸಿ ಚಿಕಿತ್ಸೆ ಕೈಬಿಡಬೇಕಿಲ್ಲ. ಟೆನೊಫೊವಿರ್ ಅಥವಾ ಎಂಟೆಕಾವಿರ್ ಜೊತೆಗೆ ಕೊಟ್ಟು ಕಾಯುತ್ತಾರೆ. ಬಿ ಬಂದು ಹೋದ ಗುರುತು ಮಾತ್ರ ಇದ್ದರೆ ಅಪಾಯ ತೀರಾ ಕಡಿಮೆ. ಲಿವರ್ ಟೆಸ್ಟ್ ಮೇಲೆ ಕಣ್ಣಿಟ್ಟಿರುತ್ತಾರೆ. ಈಗಿನ ಬಿ ಸೋಂಕು, ಬಂದು ಹೋದ ಗುರುತು ಎರಡೂ ಇಲ್ಲದಿದ್ದರೆ ಬಿ ಲಸಿಕೆ ಹಾಕಿಸಿಕೊಳ್ಳಿ. ಸಿಗೆ ಲಸಿಕೆ ಇನ್ನೂ ಬಂದಿಲ್ಲ, ಬಿಗೆ ಇದೆಯಲ್ಲ.

ದಿನಾ ಬೆಳಗ್ಗೆ ಗ್ಯಾಸ್ ಮಾತ್ರೆ ತಗೊಳ್ತೀನಿ. ಅದೇನೂ ತೊಂದರೆ ಇಲ್ಲ ಅಲ್ವಾ?

ಇದೆ. ಗ್ಯಾಸ್ ಮಾತ್ರೆ ಔಷಧಿಯೇ ಅಲ್ಲ ಎಂಬಂತೆ ಡಾಕ್ಟರಿಗೆ ಅದರ ಹೆಸರು ಹೇಳುವುದನ್ನೇ ಎಷ್ಟೋ ಜನ ಮರೆಯುತ್ತಾರೆ. ವೆಲ್ಪಟಾಸ್ವಿರ್ ಕರಗಿ ಮೈಗೆ ಹತ್ತಬೇಕಾದರೆ ಹೊಟ್ಟೆಯಲ್ಲಿ ಆಮ್ಲ ಇರಬೇಕು. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಥರದವು ಆ ಆಮ್ಲವನ್ನೇ ನಿಲ್ಲಿಸುತ್ತವೆ. ಔಷಧ ಹೊಟ್ಟೆಗೆ ಹೋಗುತ್ತದೆ, ರಕ್ತಕ್ಕೆ ಪೂರ್ತಿ ಸೇರುವುದಿಲ್ಲ.

ಆ 12 ವಾರ ಗ್ಯಾಸ್ ಮಾತ್ರೆ ನಿಲ್ಲಿಸಲು ಆಗುತ್ತದಾ ಎಂದು ಡಾಕ್ಟರನ್ನು ಕೇಳುವುದು ಮೊದಲ ದಾರಿ. ಆಗುವುದೇ ಇಲ್ಲ ಎಂದರೆ ಹೆಪಟೈಟಿಸ್ ಮಾತ್ರೆಯನ್ನು ಊಟದ ಜೊತೆ ತಗೊಂಡು, ನಾಲ್ಕು ಗಂಟೆ ಬಿಟ್ಟು ಒಮೆಪ್ರಜೋಲ್ 20 ಮಿಲಿಗ್ರಾಂ ತಗೊಳ್ಳುವ ಕ್ರಮ ಇದೆ. ಅದಕ್ಕಿಂತ ಹೆಚ್ಚಿನ ಡೋಸ್ ಬೇಡ. ಬಿಳಿ ಸಿರಪ್ಪಿನಂಥ ಆ್ಯಂಟಾಸಿಡ್ ಆದರೆ ಎರಡರ ನಡುವೆ ನಾಲ್ಕು ಗಂಟೆ ಅಂತರ ಇಡಿ. ಇದು ವೆಲ್ಪಟಾಸ್ವಿರ್ ಲೆಕ್ಕ. ಬೇರೆ ಜೋಡಿ ತಗೊಳ್ಳುತ್ತಿದ್ದರೆ ಅದರ ಲೆಕ್ಕ ಕೇಳಿ ತಿಳಿದುಕೊಳ್ಳಿ.

ಬೇರೆ ಯಾವ ಔಷಧಿಗಳ ಜೊತೆ ಇದು ಆಗಿಬರಲ್ಲ?

ಅಪಾಯದ ಲೆಕ್ಕದಲ್ಲಿ ಮೊದಲು ಬರುವುದು ಅಮಿಯೊಡರೋನ್. ಹೃದಯದ ಬಡಿತದ ಲಯ ತಪ್ಪಿದವರಿಗೆ ಕೊಡುವ ಮಾತ್ರೆ ಇದು. ಸೊಫೊಸ್‌ಬುವಿರ್ ಜೊತೆ ಸೇರಿದಾಗ ಬಡಿತ ತೀರಾ ನಿಧಾನವಾಗಿ ಪ್ರಾಣಕ್ಕೇ ಕುತ್ತು ಬಂದಿದ್ದುಂಟು. 2015ರಲ್ಲೇ ಇದರ ಎಚ್ಚರಿಕೆ ಬಂತು. ಅಮಿಯೊಡರೋನ್ ಮೈಯಿಂದ ಪೂರ್ತಿ ಹೋಗಲು ತಿಂಗಳುಗಳೇ ಬೇಕು. ಹಾಗಾಗಿ "ಹೋದ ತಿಂಗಳೇ ನಿಲ್ಲಿಸಿದೆ" ಎನ್ನುವವರೂ ಇದನ್ನು ಹೇಳಲೇಬೇಕು.

ಎರಡನೆಯ ಗುಂಪು ಹೆಪಟೈಟಿಸ್ ಮಾತ್ರೆಯ ಬಲ ಕುಗ್ಗಿಸುವಂಥವು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೊಬಾರ್ಬಿಟಾಲ್ ಇದರಲ್ಲಿ ಬರುತ್ತವೆ. ಇವು ನಡೆಯುತ್ತಿರುವಾಗ ಹೆಪಟೈಟಿಸ್ ಮಾತ್ರೆ ಕೊಡುವುದಿಲ್ಲ. ಹಾಗೆಂದು ಫಿಟ್ಸ್ ಮಾತ್ರೆಯನ್ನು ನೀವಾಗೇ ನಿಲ್ಲಿಸಿಬಿಟ್ಟೀರಿ, ಅದು ಇನ್ನೂ ದೊಡ್ಡ ಅಪಾಯ. ಬದಲಿ ಮಾತ್ರೆ ಕೊಡುವುದಕ್ಕೆ ದಾರಿ ಇದೆ. ಕ್ಷಯದ ಚಿಕಿತ್ಸೆ ಸಾಮಾನ್ಯವಾಗಿ ಮೊದಲು ಮುಗಿಯಬೇಕು. ಆಮೇಲೆ ಸಿ.

ಕೊಲೆಸ್ಟ್ರಾಲ್‌ಗೆ ತಗೊಳ್ಳುವ ಸ್ಟ್ಯಾಟಿನ್‌ಗಳದ್ದು ಉಲ್ಟಾ ಕಥೆ. ಅವುಗಳ ಪ್ರಮಾಣ ರಕ್ತದಲ್ಲಿ ಏರಿ ಸ್ನಾಯುಗಳಿಗೆ ಪೆಟ್ಟು ಬೀಳಬಹುದು. ಕೆಲವನ್ನು ಡೋಸ್ ಇಳಿಸಿ, ಕೆಲವನ್ನು ಆ ಕೆಲವು ವಾರ ಪೂರ್ತಿ ನಿಲ್ಲಿಸಿ ನಿಭಾಯಿಸುತ್ತಾರೆ. ವಾರ್ಫರಿನ್, ಡಿಗಾಕ್ಸಿನ್, ಗರ್ಭನಿರೋಧಕ ಮಾತ್ರೆ, ಎಚ್‌ಐವಿ ಮಾತ್ರೆ ತಗೊಳ್ಳುವವರೂ ಮೊದಲೇ ಹೇಳಿ.

ಹೆಸರು ನೆನಪಿಟ್ಟುಕೊಳ್ಳುವ ಗೋಜೇ ಬೇಡ. ಮನೆಯಲ್ಲಿರುವುದನ್ನೆಲ್ಲ ಒಂದು ಚೀಲಕ್ಕೆ ಹಾಕಿ ತಂದು ಮೇಜಿನ ಮೇಲೆ ಸುರಿಯಿರಿ: ಅರ್ಧ ಕತ್ತರಿಸಿದ ಸ್ಟ್ರಿಪ್, ಲೇಬಲ್ ಕಿತ್ತುಹೋದ ಬಾಟಲಿ, ಯಾರೋ ಕೊಟ್ಟ ಪುಡಿ ಕೂಡ. ಮುಖ್ಯವಾದದ್ದು ಹೆಚ್ಚಾಗಿ ಆ ಚೀಲದ ತಳದಲ್ಲೇ ಸಿಗುತ್ತದೆ.

ಮಾತ್ರೆ ಜೊತೆಗೆ ಗಿಡಮೂಲಿಕೆ, ಲಿವರ್ ಟಾನಿಕ್ ತಗೊಂಡರೆ ಇನ್ನೂ ಬೇಗ ವಾಸಿಯಾಗುತ್ತಾ?

ಇಲ್ಲ. ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ಈ ಮಾತ್ರೆಗಳ ಬಲವನ್ನೇ ಕುಗ್ಗಿಸುತ್ತದೆ. ಕೆಲವು ಮೂಲಿಕೆಗಳು ಸ್ವತಃ ಲಿವರ್‌ಗೆ ಹಾನಿ ಮಾಡುತ್ತವೆ. ಒಳಗೇನಿದೆ ಎಂದು ಗೊತ್ತಿಲ್ಲದ್ದನ್ನು ಈ 8 ಅಥವಾ 12 ವಾರ ಬದಿಗಿಡಿ. ಕೋರ್ಸ್ ಮಧ್ಯೆ ಲಿವರ್ ಟೆಸ್ಟ್ ಏರಿದರೆ ಯಾವುದರಿಂದ ಏರಿತು ಎಂದು ಹುಡುಕುವುದೇ ತಲೆನೋವಾಗುತ್ತದೆ.

ನಾನು ಗರ್ಭಿಣಿ. ಈಗಲೇ ತಗೋಬಹುದಾ? ಮಗುವಿಗೆ ಹಾಲು ಕುಡಿಸಬಹುದಾ?

ಗರ್ಭಿಣಿಯರಲ್ಲಿ ಈ ಮಾತ್ರೆಗಳ ಅನುಭವ ಇನ್ನೂ ಕಡಿಮೆ. ಅದಕ್ಕೇ ಸಾಮಾನ್ಯವಾಗಿ ಹೆರಿಗೆ ಆಗುವವರೆಗೆ ಕಾಯುತ್ತಾರೆ. ರೈಬಾವಿರಿನ್ ಅಂತೂ ಬೇಡವೇ ಬೇಡ, ಅದು ಮಗುವಿಗೆ ಅಂಗವೈಕಲ್ಯ ತರಬಲ್ಲದು. ಗಂಡ ಅದನ್ನು ತಗೊಳ್ಳುತ್ತಿದ್ದರೂ ಹೆಂಡತಿ ಗರ್ಭಿಣಿಯಾಗಬಾರದು. ನಿಲ್ಲಿಸಿದ ಮೇಲೂ ಕೆಲವು ತಿಂಗಳು ಈ ಎಚ್ಚರ ಬೇಕು.

ತಾಯಿಯಿಂದ ಮಗುವಿಗೆ ಸೋಂಕು ಹೋಗುವುದು ನೂರಕ್ಕೆ ಐದಾರು ಸಲ. ಹಾಲಿನಿಂದ ಹರಡುವುದಿಲ್ಲ, ಕುಡಿಸಿ. ಮೊಲೆತೊಟ್ಟು ಒಡೆದು ರಕ್ತ ಬರುತ್ತಿದ್ದರೆ ಮಾತ್ರ ಮಾಯುವವರೆಗೆ ತಡೆಯಿರಿ. ಮಾತ್ರೆ ತಗೊಳ್ಳುತ್ತಿರುವಾಗ ಹಾಲು ಕುಡಿಸುವುದು ಬೇರೆ ಪ್ರಶ್ನೆ, ಅದನ್ನು ಡಾಕ್ಟರ ಹತ್ತಿರ ಮಾತಾಡಿಯೇ ತೀರ್ಮಾನಿಸಿ.

## ಮಾತ್ರೆ ನಡೆಯುತ್ತಿರುವಾಗ

ನಿನ್ನೆ ಮಾತ್ರೆ ಮರೆತೆ. ಇವತ್ತು ಎರಡು ತಗೊಳ್ಳಲಾ?

ಎರಡು ಬೇಡ. ಸೊಫೊಸ್‌ಬುವಿರ್–ವೆಲ್ಪಟಾಸ್ವಿರ್ ಮತ್ತು ಗ್ಲೆಕಾಪ್ರೆವಿರ್–ಪಿಬ್ರೆಂಟಾಸ್ವಿರ್ ಎರಡಕ್ಕೂ ನಿಯಮ ಒಂದೇ. ಮಾಮೂಲಿ ಹೊತ್ತು ದಾಟಿ 18 ಗಂಟೆ ಆಗಿಲ್ಲದಿದ್ದರೆ ನೆನಪಾದ ಕೂಡಲೇ ತಗೊಳ್ಳಿ. 18 ಗಂಟೆ ದಾಟಿದ್ದರೆ ಅದನ್ನು ಬಿಟ್ಟು ಮುಂದಿನದನ್ನು ಅದರ ಹೊತ್ತಿಗೆ ನುಂಗಿ. ತಗೊಂಡ ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಡೋಸ್ ತಗೊಳ್ಳಿ.

ಒಂದು ದಿನ ತಪ್ಪಿದ್ದಕ್ಕೆ ಎಲ್ಲ ಹಾಳಾಯಿತು ಎಂದು ಕೂರಬೇಡಿ. ಸಾಲಾಗಿ ಹಲವು ದಿನ ತಪ್ಪಿದರೆ ಮಾತ್ರ ಮುಚ್ಚಿಡದೆ ಫೋನ್ ಮಾಡಿ. ಎಷ್ಟು ದಿನ ತಪ್ಪಿತು, ಯಾವ ವಾರದಲ್ಲಿ ಎನ್ನುವುದರ ಮೇಲೆ ಮುಂದುವರಿಸುವುದಾ, ಅವಧಿ ಹೆಚ್ಚಿಸುವುದಾ ಎಂದು ನೋಡುತ್ತಾರೆ. 28 ಮಾತ್ರೆಯ ಡಬ್ಬಿ ಖಾಲಿಯಾಗುವ ಒಂದು ವಾರ ಮುಂಚೆಯೇ ಮುಂದಿನದು ಮನೆಯಲ್ಲಿರಲಿ. ಎಷ್ಟೋ ಸಲ ಮಾತ್ರೆ ತಪ್ಪುವುದು ಮರೆವಿನಿಂದ ಅಲ್ಲ, ಡಬ್ಬಿ ಖಾಲಿಯಾಗಿ. ಡಬ್ಬಿಯೊಳಗಿನ ಸಣ್ಣ ಸಿಲಿಕಾ ಪೊಟ್ಟಣವನ್ನು ಎಸೆಯಬೇಡಿ, ತೇವ ಹೀರಲು ಇಟ್ಟಿರುವುದು ಅದು.

ಸೈಡ್ ಎಫೆಕ್ಟ್ ಏನೇನು? ಯಾವಾಗ ಹೆದರಬೇಕು?

ಹೆಚ್ಚಾಗಿ ಕಾಣುವುದು ತಲೆನೋವು, ಸುಸ್ತು, ಸ್ವಲ್ಪ ವಾಕರಿಕೆ, ಒಮ್ಮೊಮ್ಮೆ ನಿದ್ದೆ ಬಾರದಿರುವುದು. ಬಹಳಷ್ಟು ಜನರಿಗೆ ಅದೂ ಇರುವುದಿಲ್ಲ, "ಮಾತ್ರೆ ಕೆಲಸ ಮಾಡ್ತಿದೆಯೋ ಇಲ್ಲವೋ" ಎಂದು ಅನುಮಾನ ಪಡುತ್ತಾರೆ. ಕೆಲಸ ಮಾಡುತ್ತಿರುತ್ತದೆ.

ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಹೊಟ್ಟೆ ಊದಿದರೆ, ಮಾತು ತೊದಲಿ ಗೊಂದಲವಾದರೆ, ಎದೆ ಬಡಿತ ನಿಧಾನವಾಗಿ ತಲೆಸುತ್ತು ಬಂದು ಬಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ವಾಂತಿಯಲ್ಲಿ ರಕ್ತ ಬಂದರೆ, ಮಲ ಟಾರಿನಂತೆ ಕಪ್ಪಗಾದರೆ ಒಂದು ಗಂಟೆಯೂ ಕಾಯಬೇಡಿ.

ನಾಲ್ಕನೇ ವಾರಕ್ಕೇ ವೈರಸ್ ಇಲ್ಲ ಅಂತ ಬಂತು. ಉಳಿದ ಮಾತ್ರೆ ಬಿಟ್ಟರೆ ಏನಾಗುತ್ತೆ?

ಮರುಕಳಿಸಬಹುದು. ಪರೀಕ್ಷೆಗೆ ಸಿಗದಷ್ಟು ಕಡಿಮೆ ವೈರಸ್ ಉಳಿದಿದ್ದರೂ ಅದು ಮತ್ತೆ ಬೆಳೆಯುತ್ತದೆ. ಆಗ ಬರುವುದು ಮಾತ್ರೆಗೆ ಬಗ್ಗದ ತಳಿಯೂ ಆಗಿರಬಹುದು. ಉಳಿದ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡುವುದೂ ಬೇಡ. ಇಬ್ಬರದೂ ಅರ್ಧಂಬರ್ಧ ಆಗುತ್ತದೆ.

ಕುಡಿಯೋದು ಬಿಟ್ಟರೆ ಮಾತ್ರ ಮಾತ್ರೆ ಕೊಡ್ತಾರಂತೆ, ಹೌದಾ?

ಹಾಗೇನಿಲ್ಲ. ಮದ್ಯ ಮಾತ್ರೆಯನ್ನು ನೇರವಾಗಿ ಕೆಡಿಸುವುದಿಲ್ಲ, ಲಿವರನ್ನು ಕೆಡಿಸುತ್ತದೆ. ಬಿಡುವುದು ಒಳ್ಳೆಯದೇ, ಅದಕ್ಕೆ ಸಹಾಯವನ್ನೂ ಕೇಳಿ. ಆದರೆ ಕುಡಿಯುತ್ತೀರಿ ಎಂಬ ಕಾರಣಕ್ಕೆ ಚಿಕಿತ್ಸೆ ತಡೆಯುವುದು ಸರಿಯಲ್ಲ. ಸೂಜಿಯಲ್ಲಿ ಮಾದಕವಸ್ತು ತಗೊಳ್ಳುವವರಿಗೂ ಇದೇ ಮಾತು. ನಾಚಿಕೆಯಿಂದ ಸುಳ್ಳು ಹೇಳಿದರೆ ನಷ್ಟ ನಿಮಗೇ.

ಜ್ವರ, ಮೈಕೈ ನೋವು ಬಂದರೆ ಏನು ನುಂಗಲಿ?

ಪ್ಯಾರಾಸಿಟಮಾಲ್. ಸಿರೋಸಿಸ್ ಇದ್ದರೆ ದಿನಕ್ಕೆ 2 ಗ್ರಾಂ ದಾಟಬೇಡಿ, ಅಂದರೆ 500ರ ನಾಲ್ಕು ಮಾತ್ರೆ. ಸಿರೋಸಿಸ್ ಇರುವವರಿಗೆ ಐಬುಪ್ರೊಫೆನ್, ಡೈಕ್ಲೊಫೆನ್ಯಾಕ್ ಥರದವು ಕಿಡ್ನಿಗೆ ಹೊಡೆತ, ರಕ್ತಸ್ರಾವಕ್ಕೂ ದಾರಿ.

ಮನೆಯವರಿಗೆ ಹರಡುತ್ತಾ? ತಟ್ಟೆ, ಲೋಟ ಬೇರೆ ಮಾಡಬೇಕಾ?

ಸುಮ್ನೆ ಮನಸ್ಸಿಗೆ ನೋವು, ಬೇರೆ ಮಾಡಬೇಡಿ. ಇದು ರಕ್ತದಿಂದ ಹರಡುವ ವೈರಸ್. ಒಟ್ಟಿಗೆ ಊಟ, ಅಪ್ಪುಗೆ, ಕೆಮ್ಮು ಯಾವುದರಿಂದಲೂ ಬರುವುದಿಲ್ಲ. ರೇಜರ್, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿ, ಶುಗರ್ ನೋಡುವ ಸೂಜಿ ಮಾತ್ರ ನಿಮ್ಮದು ನಿಮಗೇ.

## ಕೋರ್ಸ್ ಮುಗಿದ ಮೇಲೆ

ಕೊನೆಯ ಮಾತ್ರೆ ನುಂಗಿದೆ. ವಾಸಿಯಾಯಿತು ಅಂದುಕೊಳ್ಳಲಾ?

ಇನ್ನೂ 12 ವಾರ ತಡೆಯಿರಿ. ಕೊನೆಯ ಮಾತ್ರೆಯಿಂದ 12 ವಾರ ಕಳೆದ ಮೇಲೆ ಮಾಡಿಸುವ ಆರ್‌ಎನ್‌ಎ ಪರೀಕ್ಷೆಯಲ್ಲಿ "ನಾಟ್ ಡಿಟೆಕ್ಟೆಡ್" ಎಂದು ಬಂದರೆ ವಾಸಿ. ಆಮೇಲೆ ಅದೇ ಸೋಂಕು ಮರುಕಳಿಸುವುದು ತೀರಾ ಅಪರೂಪ. ಜನ ತಪ್ಪಿಸಿಕೊಳ್ಳುವುದು ಈ ಪರೀಕ್ಷೆಯನ್ನೇ. ಮಾತ್ರೆ ಮುಗಿದಿರುತ್ತದೆ, ಆರೋಗ್ಯ ಚೆನ್ನಾಗಿರುತ್ತದೆ, ಮತ್ತೆ ಯಾಕೆ ಹೋಗಬೇಕು ಅನ್ನಿಸುತ್ತದೆ. ಕೊನೆಯ ಡಬ್ಬಿ ತೆರೆದ ದಿನವೇ ಆ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಬಿಡಿ.

ವಾಸಿಯಾಗಿದೆ ಅಂದರು. ಈಗ ಕೆಲಸಕ್ಕೆ ಸೇರುವಾಗ ಮತ್ತೆ ಪಾಸಿಟಿವ್ ಬಂದಿದೆ!

ಅಲ್ಲಿ ಮಾಡಿದ್ದು ಆ್ಯಂಟಿಬಾಡಿ ಪರೀಕ್ಷೆ. ಅದು ಬಹುತೇಕ ಜನರಲ್ಲಿ ಜೀವನಪೂರ್ತಿ ಪಾಸಿಟಿವ್ ಆಗೇ ಉಳಿಯುತ್ತದೆ. ವಾಸಿಯಾದ ಆರ್‌ಎನ್‌ಎ ರಿಪೋರ್ಟಿನ ಪ್ರತಿ ಜೋಪಾನವಾಗಿಡಿ, ಇಂಥ ಹೊತ್ತಿಗೆ ಅದೇ ನಿಮ್ಮ ಸಾಕ್ಷಿ. ಈ ಆ್ಯಂಟಿಬಾಡಿ ಮುಂದಿನ ಸೋಂಕನ್ನು ತಡೆಯುವುದಿಲ್ಲ. ಸೋಂಕಿತ ರಕ್ತ ತಗುಲಿದರೆ ಮತ್ತೆ ಬರಬಹುದು. ಅದನ್ನು ನೋಡುವುದಕ್ಕೂ ಆರ್‌ಎನ್‌ಎ ಪರೀಕ್ಷೆಯೇ ಬೇಕು.

ವೈರಸ್ ಹೋಯಿತಲ್ಲ, ಇನ್ನೂ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಯಾಕೆ?

ಮೇಲೆ ಹೇಳಿದ ದೊಡ್ಡ ವ್ಯತ್ಯಾಸ ಇದೇ. ಸಿರೋಸಿಸ್ ಆಗುವ ಮುಂಚೆ ವಾಸಿಯಾದವರಿಗೆ ಬೇರೆ ಲಿವರ್ ತೊಂದರೆ ಇಲ್ಲದಿದ್ದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು. ಸಿರೋಸಿಸ್ ಆಗಿದ್ದರೆ ವೈರಸ್ ಹೋದ ಮೇಲೂ ಲಿವರ್ ಕ್ಯಾನ್ಸರ್‌ನ ಅಪಾಯ ಉಳಿಯುತ್ತದೆ. ಮುಂಚಿಗಿಂತ ಬಹಳ ಕಡಿಮೆ, ಆದರೆ ಸೊನ್ನೆಯಲ್ಲ. ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡುವುದು ಗಡ್ಡೆ ಚಿಕ್ಕದಿರುವಾಗಲೇ ಹಿಡಿಯಲು. "ವೈರಸ್ ನೆಗೆಟಿವ್" ಎಂಬ ಕಾಗದ ನೋಡಿ ಸ್ಕ್ಯಾನ್ ನಿಲ್ಲಿಸಿದವರಿಗೆ ಗಡ್ಡೆ ದೊಡ್ಡದಾದ ಮೇಲೆ ಗೊತ್ತಾದರೆ ಆಗ ದಾರಿಗಳು ಕಡಿಮೆ.

## ಸ್ವಲ್ಪ ಆಳದ ಪ್ರಶ್ನೆಗಳು

ಅಪ್ಪನಿಗೆ ಹೊಟ್ಟೆಯಲ್ಲಿ ನೀರು ತುಂಬಿದೆ. ಅವರಿಗೂ ಇದೇ ಮಾತ್ರೆ ನಡೆಯುತ್ತಾ?

ನಡೆಯುತ್ತದೆ, ಆದರೆ ಎಲ್ಲ ಜೋಡಿಯೂ ಅಲ್ಲ. ಹೊಟ್ಟೆಯಲ್ಲಿ ನೀರು, ರಕ್ತವಾಂತಿ, ಮಂಪರು ಬಂದಿದ್ದರೆ ಲಿವರ್ ಕೈಚೆಲ್ಲಿದೆ ಎಂದರ್ಥ. ಅಂಥವರಿಗೆ ಹೆಸರಿನ ಕೊನೆಯಲ್ಲಿ "ಪ್ರೆವಿರ್" ಇರುವ ಯಾವ ಔಷಧವೂ ಆಗದು: ಗ್ಲೆಕಾಪ್ರೆವಿರ್, ವಾಕ್ಸಿಲಾಪ್ರೆವಿರ್, ಗ್ರಾಜೊಪ್ರೆವಿರ್. ಇರುವ ಲಿವರನ್ನೂ ಅವು ಕೆಡಿಸಬಹುದು. ಸೊಫೊಸ್‌ಬುವಿರ್–ವೆಲ್ಪಟಾಸ್ವಿರ್ ಜೊತೆ ರೈಬಾವಿರಿನ್ ಸೇರಿಸಿ 12 ವಾರ ಕೊಡುತ್ತಾರೆ. ರೈಬಾವಿರಿನ್ ತಡೆಯದವರಿಗೆ ಅದಿಲ್ಲದೆ 24 ವಾರ. ಇದು ಲಿವರ್ ತಜ್ಞರ ಕೈಯಲ್ಲೇ ಆಗಬೇಕು. ಲಿವರ್ ಕಸಿ ಬೇಕಾಗುವಂತಿದ್ದರೆ ಮಾತ್ರೆ ಕಸಿಗೆ ಮುಂಚೆಯಾ ಆಮೇಲಾ ಎಂಬುದನ್ನೂ ಅವರೇ ತೂಗಿ ನೋಡುತ್ತಾರೆ.

ಡಯಾಲಿಸಿಸ್ ಮೇಲಿದ್ದೇನೆ. ಡೋಸ್ ಕಮ್ಮಿ ಮಾಡಬೇಕಾ?

ಬೇಕಿಲ್ಲ. ಕಿಡ್ನಿ ಕೆಟ್ಟವರಿಗೆ ಸೊಫೊಸ್‌ಬುವಿರ್ ಕೊಡಲು ಮೊದಮೊದಲು ಹಿಂಜರಿಯುತ್ತಿದ್ದರು. ಈಗ ಡಯಾಲಿಸಿಸ್ ಮೇಲಿರುವವರಿಗೂ ಸೊಫೊಸ್‌ಬುವಿರ್–ವೆಲ್ಪಟಾಸ್ವಿರ್, ಗ್ಲೆಕಾಪ್ರೆವಿರ್–ಪಿಬ್ರೆಂಟಾಸ್ವಿರ್ ಎರಡನ್ನೂ ಪೂರ್ತಿ ಡೋಸ್‌ನಲ್ಲೇ ಕೊಡುತ್ತಾರೆ.

ಮಾತ್ರೆ ಶುರುವಾದ ಮೇಲೆ ಶುಗರ್ ತೀರಾ ಇಳಿಯುತ್ತಿದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಇರಬಹುದು. ಈ ವೈರಸ್ ಇದ್ದಾಗ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ವೈರಸ್ ಕಡಿಮೆಯಾದಂತೆ ಅದು ಸುಧಾರಿಸುತ್ತದೆ, ಆಗ ಹಳೆಯ ಶುಗರ್ ಡೋಸ್ ಜಾಸ್ತಿಯಾಗಿಬಿಡುತ್ತದೆ. ಮೊದಲ ಕೆಲವು ವಾರ ಮನೆಯಲ್ಲೇ ಪದೇ ಪದೇ ಪರೀಕ್ಷಿಸಿಕೊಳ್ಳಿ. ಕೈನಡುಕ, ಬೆವರು ಬಂದರೆ ಸಿಹಿ ಏನಾದರೂ ತಿಂದು ಡಾಕ್ಟರಿಗೆ ತಿಳಿಸಿ.

ಮಕ್ಕಳಿಗೆ ಕೊಡಬಹುದಾ?

ಮೂರು ವರ್ಷ ತುಂಬಿದ ಮಕ್ಕಳಿಗೂ ಕೊಡಬಹುದು ಎಂದು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಡೋಸ್ ತೂಕದ ಮೇಲೆ. ದೊಡ್ಡವರ ಮಾತ್ರೆಯನ್ನು ಮನೆಯಲ್ಲಿ ಮುರಿದು ಕೊಡಬೇಡಿ.

ಕೋರ್ಸ್ ಮುಗಿಸಿದರೂ ವೈರಸ್ ಉಳಿದಿದೆ. ಇನ್ನೇನು ದಾರಿ?

ದಾರಿ ಇದೆ. ಮೊದಲು ಕಾರಣ ಹುಡುಕುತ್ತಾರೆ. ಮಾತ್ರೆ ತಪ್ಪಿತ್ತಾ, ಗ್ಯಾಸ್ ಮಾತ್ರೆಯಂಥದ್ದು ಅಡ್ಡ ಬಂತಾ, ಹೊಸದಾಗಿ ಸೋಂಕು ತಗುಲಿತಾ, ಇಲ್ಲ ವೈರಸ್ಸೇ ಮಾತ್ರೆಗೆ ಬಗ್ಗದೆ ಹೋಯಿತಾ. ಅದೇ ಕೋರ್ಸನ್ನು ನೀವಾಗೇ ಮತ್ತೆ ಶುರು ಮಾಡಬೇಡಿ. ಸೊಫೊಸ್‌ಬುವಿರ್, ವೆಲ್ಪಟಾಸ್ವಿರ್, ವಾಕ್ಸಿಲಾಪ್ರೆವಿರ್ ಮೂರೂ ಸೇರಿದ ಮಾತ್ರೆ ಇಂಥವರಿಗೆಂದೇ ಇದೆ. 2017ರಲ್ಲಿ ಬಂತು, ಊಟದ ಜೊತೆ ದಿನಕ್ಕೊಂದು, 12 ವಾರ. ಮೊದಲ ಸಲ ಸೋತವರಲ್ಲೂ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಜನ ಇದರಿಂದ ವಾಸಿಯಾಗಿದ್ದಾರೆ. ಹೋಗುವಾಗ ಹಳೆಯ ಕೋರ್ಸಿನ ಖಾಲಿ ಡಬ್ಬಿ ಮತ್ತು ಎಲ್ಲ ರಿಪೋರ್ಟು ತೆಗೆದುಕೊಂಡು ಹೋಗಿ. ಯಾವ ಜೋಡಿ, ಎಷ್ಟು ವಾರ ಎಂಬುದು ಗೊತ್ತಾಗದೆ ಮುಂದಿನದನ್ನು ಆರಿಸುವುದು ಅವರಿಗೂ ಕಷ್ಟ.